ಹಸು ಮೇಯ್ದು ಹೋದ ಮೇಲೆ ಗೊತ್ತಾಗಿದ್ದು: ಮನೆ ಮುಂದೆ ಚೆಂದದ ಹುಲ್ಲು ಬೆಳೆಸೋದು ಹೇಗೆ

ನಮ್ಮ ಮನೆ ತುಮಕೂರಿನಲ್ಲಿ. 30-40ರ ಸೈಟು. ಮನೆ ಕಟ್ಟಿ ಉಳಿದಿದ್ದು ಕಾಂಪೌಂಡಿನ ಪಕ್ಕ 4 ಅಡಿ ಅಗಲ, 20 ಅಡಿ ಉದ್ದದ ಒಂದು ಪಟ್ಟಿ ಅಷ್ಟೇ. ಪಶ್ಚಿಮದ ಕಡೆ ಇದೆ, ಮಧ್ಯಾಹ್ನ ಶುರುವಾದ ಬಿಸಿಲು ಮುಳುಗೋವರೆಗೂ ಬಿಡೋದಿಲ್ಲ. ಕೆಂಪು ಮಣ್ಣು, ಗರಸು ಜಾಸ್ತಿ. ಅದರ ಜೊತೆ ಗಾರೆ ಕೆಲಸದವರು ಬಿಟ್ಟುಹೋದ ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ. ಅಲ್ಲಿ ಮೂರು ವರ್ಷ ಗುಲಾಬಿ ಬೆಳೆಸೋಕೆ ಒದ್ದಾಡಿದೆ. ಪ್ರತಿ ಏಪ್ರಿಲ್‌ನಲ್ಲೂ ಎಲೆ ಸುಟ್ಟು, ಕಡ್ಡಿ ಒಣಗಿ, ಕೊನೆಗೆ ಬರೀ ಮುಳ್ಳು ಉಳಿಯುತ್ತಿತ್ತು. ಆಮೇಲೆ ಹುಲ್ಲು ನೆಟ್ಟೆ.

ಹುಲ್ಲು ಅಂದರೆ ಲಾನ್ ಅಲ್ಲ. ಲಾನ್‌ಗೆ ದಿನಾ ನೀರು ಬೇಕು, ನಮಗೆಲ್ಲಿಂದ ತರೋದು? ನಾನು ಹೇಳೋದು ಬುಡಬುಡವಾಗಿ ಎತ್ತರಕ್ಕೆ ಬೆಳೆಯುವ ಹುಲ್ಲು. ಗಾಳಿ ಬಂದರೆ ಬಾಗುತ್ತೆ, ಸಂಜೆ ಬಿಸಿಲು ಹಿಂದಿನಿಂದ ಬಿದ್ದರೆ ತೆನೆ ಹೊಳೆಯುತ್ತೆ. ನಾನು ಮೊದಲ ನಾಲ್ಕು ಚೀಲ ನರ್ಸರಿಯಿಂದ ತಂದ ದಿನ ನಮ್ಮತ್ತೆ ಗೇಟಿನಲ್ಲೇ ಕೇಳಿದರು: "ಏನಮ್ಮ ಇದು? ಊರಲ್ಲಿ ಹುಲ್ಲು ಕೀಳಾಕೆ ನಾವು ಕೂಲಿ ಕೊಡ್ತೀವಿ. ನೀನು ದುಡ್ಡು ಕೊಟ್ಟು ತಂದಿದೀಯಲ್ಲ!" ಅವರು ಗುಬ್ಬಿ ಕಡೆಯವರು. ರಾಗಿ ಹೊಲದಲ್ಲಿ ಬೆಳೆದವರು. ಆಗ ನನಗೆ ಬೇಜಾರಾಯಿತು. ಆದರೆ ಆಮೇಲೆ ಈ ಹುಲ್ಲಿನ ವಿಷಯದಲ್ಲಿ ನನಗೆ ಅರ್ಧ ಪಾಠ ಹೇಳಿಕೊಟ್ಟಿದ್ದು ಅವರೇ. ಇನ್ನರ್ಧ ಹೇಳಿಕೊಟ್ಟಿದ್ದು ಒಂದು ಹಸು. ಅದನ್ನು ಮುಂದೆ ಹೇಳ್ತೀನಿ.

ಮೊದಲು ಯಾವ ಹುಲ್ಲು ಅನ್ನೋದು. ನಮ್ಮ ಬಯಲುಸೀಮೆಯ ಬಿಸಿಲಿಗೆ ನಾನು ಕಣ್ಣುಮುಚ್ಚಿ ಹೇಳೋದು ಮೂರು.

ಒಂದು, ನರ್ಸರಿಯವರು ಪರ್ಪಲ್ ಫೌಂಟನ್ ಗ್ರಾಸ್ ಅನ್ನುವ ನೇರಳೆ ಹುಲ್ಲು. ಎಲೆ ಕೋಕಂ ಹಣ್ಣಿನ ಬಣ್ಣ. ಮೂರರಿಂದ ನಾಲ್ಕಡಿ ಎತ್ತರ. ತೆನೆ ನವಣೆ ತೆನೆಯ ಹಾಗೆ ಬಾಗಿರುತ್ತೆ, ಮುಟ್ಟಿದರೆ ಬೆಕ್ಕಿನ ಬಾಲ ಸವರಿದ ಹಾಗೆ. ಇದು ನಮ್ಮ ಸಜ್ಜೆಯ ದಾಯಾದಿ. ದನಕ್ಕೆ ಹಾಕುವ ನೇಪಿಯರ್ ಹುಲ್ಲೂ ಇದೇ ಬಳಗ. ಅದು ಗೊತ್ತಾದ ಮೇಲೆ ಇದನ್ನು ಹೇಗೆ ನೋಡಿಕೊಳ್ಳಬೇಕು ಅಂತ ಕೇಳೋದೇ ಬೇಡ. ಸಜ್ಜೆ ಎಂಥ ಹೊಲದಲ್ಲಿ ಬೆಳೆಯುತ್ತೆ ಅಂತ ನೆನಪು ಮಾಡಿಕೊಂಡರೆ ಸಾಕು. ಬಿಸಿಲು ಚೆನ್ನಾಗಿ ಬೀಳಬೇಕು, ನೀರು ನಿಲ್ಲಬಾರದು. ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಇಲ್ಲದಿದ್ದರೆ ನೇರಳೆ ಬಣ್ಣ ಹೋಗಿ ಮಂಕು ಹಸಿರಾಗುತ್ತೆ. ಹಿಂದಿನ ಮನೆಯ ಮಾವಿನ ಮರದ ನೆರಳಿಗೆ ನಾನು ನೆಟ್ಟ ಒಂದು ಬುಡ ಹಾಗೇ ಆಯಿತು. ಸಾಯಲಿಲ್ಲ, ಆದರೆ ಏನಕ್ಕೂ ಬರಲಿಲ್ಲ.

ಎರಡು, ಲಾವಂಚ. ಕೆಲವರು ಮುಡಿವಾಳ ಅಂತಾರೆ. ಇದನ್ನು ಬೇರಿಗೋಸ್ಕರ ಬೆಳೆಸೋದು ಅಂತಲೇ ಎಲ್ಲರ ಲೆಕ್ಕ. ಬೇಸಿಗೆಯಲ್ಲಿ ಕಿಟಕಿಗೆ ಕಟ್ಟುವ ತಟ್ಟಿ, ಗಡಿಗೆ ನೀರಿಗೆ ಹಾಕುವ ಬೇರು ಎಲ್ಲ ಇದರದೇ. ಆದರೆ ಮೇಲಿನ ಹುಲ್ಲೂ ನೋಡೋಕೆ ಚೆಂದ. ಐದಡಿ ನೇರ ನಿಂತು ತುದಿಯಲ್ಲಿ ಮಾತ್ರ ಬಾಗುತ್ತೆ. ಬೇರು ಪಕ್ಕಕ್ಕೆ ಹರಡೋದಿಲ್ಲ, ನೆಟ್ಟಗೆ ಕೆಳಗೆ ಇಳಿಯುತ್ತೆ, 3 ಮೀಟರ್‌ವರೆಗೂ ಹೋಗುತ್ತೆ. ಹಾಗಾಗಿ ಕಾಂಪೌಂಡಿಗೆ, ಪಕ್ಕದ ಗಿಡಕ್ಕೆ ತೊಂದರೆ ಇಲ್ಲ. ಗುಂಡ್ಲುಪೇಟೆ ಕಡೆ ರೈತರು ಹೊಲದ ಬದುವಿಗೆ ಇದನ್ನು ತಲೆಮಾರುಗಳಿಂದ ನೆಡುತ್ತಾ ಬಂದಿದ್ದಾರೆ. ಮಣ್ಣು ಕೊಚ್ಚಿಹೋಗದ ಹಾಗೆ ತಡೆಯೋಕೆ ಲಾವಂಚ ನೆಡಿ ಅಂತ 1980ರ ದಶಕದಲ್ಲಿ ವಿಶ್ವಬ್ಯಾಂಕಿನವರು ಊರೂರಿಗೆ ಹೇಳಿದರು. ನಮ್ಮ ರೈತರಿಗೆ ಅದು ಮೊದಲೇ ಗೊತ್ತಿತ್ತು, ಅಷ್ಟೇ.

ಮೂರು, ಮಜ್ಜಿಗೆ ಹುಲ್ಲು. ನಿಂಬೆಹುಲ್ಲು ಅಂದರೂ ಅದೇ. ಇದಕ್ಕೆ ನಮ್ಮಲ್ಲಿ ತೆನೆ ಬರೋದೇ ಅಪರೂಪ. ಬರೀ ಎಲೆಯ ಚೆಂದ. ತಿಳಿ ಹಸಿರು ಕಾರಂಜಿ ಚಿಮ್ಮಿದ ಹಾಗೆ ಇರುತ್ತೆ. ಇದನ್ನು ನರ್ಸರಿಯಲ್ಲಿ ಕೊಳ್ಳಲೇಬೇಡಿ. ತರಕಾರಿ ಅಂಗಡಿಯಲ್ಲಿ ಬುಡದ ಗಟ್ಟಿ ಭಾಗ ಉಳಿದಿರುವ ದಂಟು ನೋಡಿ ತನ್ನಿ. ಒಂದು ಲೋಟದಲ್ಲಿ ಎರಡಿಂಚು ನೀರು ಹಾಕಿ ಕಿಟಕಿ ಹತ್ತಿರ ಇಡಿ, ನೀರು ಎರಡು ದಿನಕ್ಕೊಮ್ಮೆ ಬದಲಾಯಿಸಿ. ಹತ್ತು-ಹದಿನೈದು ದಿನಕ್ಕೆ ಬಿಳಿ ಬೇರು ಬರುತ್ತೆ. ಬುಡ ಪೂರ್ತಿ ಕತ್ತರಿಸಿದ ದಂಟಾದರೆ ಎಷ್ಟು ದಿನ ಇಟ್ಟರೂ ಕೊಳೆಯುತ್ತೆ ಅಷ್ಟೇ.

ಈ ಮೂರಕ್ಕೂ ಇನ್ನೊಂದು ದೊಡ್ಡ ಗುಣ ಇದೆ. ಬೀಜ ಉದುರಿಸಿ ಊರೆಲ್ಲ ಹಬ್ಬೋದಿಲ್ಲ. ನೇರಳೆ ಹುಲ್ಲಿನ ತೆನೆಯಲ್ಲಿ ಮೊಳೆಯುವ ಬೀಜ ಇರೋದು ತುಂಬಾ ಕಮ್ಮಿ. ನಮ್ಮ ಕಡೆ ನೆಡುವ ಲಾವಂಚದಲ್ಲೂ ಅಷ್ಟೇ. ಆದರೆ ಅದೇ ಫೌಂಟನ್ ಗ್ರಾಸ್‌ನಲ್ಲಿ ಹಸಿರು ಎಲೆಯದು ಒಂದಿದೆ. ಅದನ್ನು ಮಾತ್ರ ಮನೆಗೆ ತರಬೇಡಿ. ಹವಾಯಿ, ದಕ್ಷಿಣ ಆಫ್ರಿಕಾದಲ್ಲೆಲ್ಲ ಅದು ತೋಟದಿಂದ ಹೊರಗೆ ಹೋಗಿ ಬೆಟ್ಟಗುಡ್ಡ ಹಿಡಿದು ದೊಡ್ಡ ತಲೆನೋವಾಗಿದೆ. ನಾನು ಗೊತ್ತಿಲ್ಲದೆ ಒಂದು ಬುಡ ತಂದಿದ್ದೆ. ಮುಂದಿನ ಮಳೆಗಾಲಕ್ಕೆ ಕಾಂಪೌಂಡಿನ ಬಿರುಕಲ್ಲಿ, ಚರಂಡಿ ಕಲ್ಲಿನ ಸಂದಿಯಲ್ಲಿ, ಪಕ್ಕದ ಮನೆಯವರ ಮೆಟ್ಟಿಲ ಕೆಳಗೆ, ಎಲ್ಲಾ ಕಡೆ ಸಸಿ. ಒಂದು ಭಾನುವಾರ ಪೂರ್ತಿ ಕೂತು ಕಿತ್ತೆ. ನಮ್ಮತ್ತೆ ಏನೂ ಹೇಳಲಿಲ್ಲ. ಸುಮ್ನೆ ಕಾಫಿ ತಂದುಕೊಟ್ಟು ನಕ್ಕರು.

ಆನ್‌ಲೈನ್‌ನಲ್ಲಿ ಗುಲಾಬಿ, ನೀಲಿ ಬಣ್ಣದ ಪಂಪಾಸ್ ಹುಲ್ಲಿನ ಬೀಜ ಅಂತ ಮಾರ್ತಾರಲ್ಲ, ಅದಕ್ಕೂ ಮರುಳಾಗಬೇಡಿ. ನೀಲಿ ಪಂಪಾಸ್ ಅನ್ನೋದು ಇಲ್ಲವೇ ಇಲ್ಲ, ಫೋಟೋಗೆ ಬಣ್ಣ ಹಚ್ಚಿರ್ತಾರೆ. ನಾನು ತರಿಸಿದ ಪೊಟ್ಟಣದಿಂದ ಹುಟ್ಟಿದ್ದು ರಸ್ತೆ ಬದಿ ಬೆಳೆಯುವ ಮಾಮೂಲಿ ಹುಲ್ಲು. ನೀಲಿ ಫೆಸ್ಕ್ಯೂ ಅಂತ ಇನ್ನೊಂದು ಬರುತ್ತೆ, ಪುಟ್ಟದಾಗಿ ಮುಳ್ಳುಹಂದಿಯ ಹಾಗೆ. ಅದು ನಿಜವಾದ ಹುಲ್ಲೇ, ಆದರೆ ತಂಪು ದೇಶದ್ದು. ನನ್ನ ಹತ್ತಿರ ಒಂದು ಬೇಸಿಗೆಯನ್ನೂ ದಾಟಲಿಲ್ಲ.

ಹೆಸರಲ್ಲಿ ಹುಲ್ಲು ಅಂತ ಇದ್ದಿದ್ದೆಲ್ಲ ಹುಲ್ಲಲ್ಲ, ಇದೂ ಗೊತ್ತಿರಲಿ. ಮಾಂಡೋ ಗ್ರಾಸ್ ಹುಲ್ಲಲ್ಲ, ಅದಕ್ಕೆ ನೆರಳು ಬೇಕು. ಕಾಂಗ್ರೆಸ್ ಹುಲ್ಲೂ ಹುಲ್ಲಲ್ಲ, ಅದು ಸೇವಂತಿಗೆಯ ಬಳಗ! ಜೇಕು, ಕೊನ್ನಾರಿ ಕೂಡ ಬೇರೆ ಜಾತಿ. ತೆನೆ ಬಿಟ್ಟ ದಂಟನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ. ಹುಲ್ಲಿನ ದಂಟು ಗುಂಡಗಿರುತ್ತೆ, ಕಬ್ಬಿನ ಹಾಗೆ ಗೆಣ್ಣು ಇರುತ್ತೆ. ಜೇಕಿನ ಜಾತಿಯದು ಸಾಮಾನ್ಯವಾಗಿ ಮೂರು ಮೂಲೆ, ಹೊರಳಿಸುವಾಗ ತಡೆಯುತ್ತೆ. ನರ್ಸರಿಯಲ್ಲಿ ನಾನು ಇದನ್ನು ಮಾಡಿ ನೋಡದೆ ಏನೂ ಕೊಳ್ಳೋದಿಲ್ಲ.

ನೆಡೋದು ಮೃಗಶಿರಾ ಮಳೆಗೆ. ಜೂನ್ 8ರ ಸುಮಾರಿಗೆ ಶುರುವಾಗುತ್ತೆ. ಅದು ತಪ್ಪಿದರೆ ಆರಿದ್ರಾ. ಆಗಸ್ಟ್ ಕಳೆದ ಮೇಲೆ ನೆಟ್ಟರೆ ಬೇರು ಇಳಿಯೋದರೊಳಗೆ ಮಳೆ ಹೋಗಿರುತ್ತೆ. ಗುಂಡಿ ಒಂದಡಿ ಆಳ, ಒಂದಡಿ ಅಗಲ ಸಾಕು. ಇಟ್ಟಿಗೆ ಚೂರು, ಸಿಮೆಂಟು ಆರಿಸಿ ತೆಗೆಯಿರಿ, ಗರಸು ಇರಲಿ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಎರಡು ಬೊಗಸೆ ಹಾಕಿ. ಎರಡೇ ಬೊಗಸೆ.

ಇಲ್ಲಿ ನಾನು ಮಾಡಿದ ತಪ್ಪು ಹೇಳಲೇಬೇಕು. ಗುಲಾಬಿಗೆ ಹಾಕಿ ಅಭ್ಯಾಸ ಅಲ್ವಾ? ಮೊದಲ ವರ್ಷ ಗುಂಡಿಗೊಂದು ಬಾಂಡ್ಲಿ ಗೊಬ್ಬರ ಸುರಿದೆ. ಮೇಲೆ ಹಿಂಡಿ ನೀರು. ದಿನಾ ಪೈಪ್ ಹಿಡಿದೆ. ಹುಲ್ಲು ಎರಡು ತಿಂಗಳಿಗೆ ನನ್ನ ಎದೆ ಮಟ್ಟಕ್ಕೆ ಬಂತು. ಬೀದಿಯವರೆಲ್ಲ ನಿಂತು ನೋಡೋರು. ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ನೋಡಿದರೆ ಪೂರ್ತಿ ಮಲಗಿಬಿಟ್ಟಿದೆ. ನಡುವೆ ಯಾರೋ ಕೂತೆದ್ದು ಹೋದ ಹಾಗೆ ಹಳ್ಳ. ಕೋಲು ನೆಟ್ಟೆ, ಹಗ್ಗ ಕಟ್ಟಿದೆ, ಪೊರಕೆ ನಿಲ್ಲಿಸಿದ ಹಾಗೆ ಕಾಣ್ತಿತ್ತು. ನಮ್ಮತ್ತೆ ಬಂದು ಒಂದು ದಂಟು ಹಿಸುಕಿ ನೋಡಿದರು. "ಉಬ್ಬಿಸಿ ಬೆಳೆಸಿದೀಯ. ಗೊಬ್ಬರ ಜಾಸ್ತಿ ಆದ್ರೆ ರಾಗೀನೂ ಹಿಂಗೇ ಬೀಳತ್ತೆ" ಅಂದರು. ಅಲ್ಲಿಂದ ಮುಂದೆ ವರ್ಷಕ್ಕೊಂದು ಸಲ ಎರಡು ಬೊಗಸೆ, ಬೇರೆ ಏನೂ ಇಲ್ಲ. ಈಗ ಮೂರೂವರೆ ಅಡಿಗೆ ನಿಲ್ಲುತ್ತೆ. ಬೀಳೋದಿಲ್ಲ.

ನೀರೂ ಹಾಗೇ. ಮೊದಲ ತಿಂಗಳು ಮಳೆ ಬಾರದ ದಿನ ನೋಡಿಕೊಂಡು ಎರಡು ದಿನಕ್ಕೊಮ್ಮೆ. ಆಮೇಲೆ ವಾರಕ್ಕೊಮ್ಮೆ, ಆದರೆ ಬುಡ ನೆನೆಯುವಷ್ಟು. ದಿನಾ ಚೂರುಚೂರು ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತೆ. ಒಂದು ಬೇಸಿಗೆ ದಾಟಿದ ಲಾವಂಚಕ್ಕೆ ನಾನು ನೀರೇ ಹಾಕೋದಿಲ್ಲ. ನೇರಳೆ ಹುಲ್ಲಿಗೆ ಮಾರ್ಚ್-ಏಪ್ರಿಲ್‌ನಲ್ಲಿ ವಾರಕ್ಕೆರಡು ಸಲ ಬೇಕಾಗುತ್ತೆ. ಎಲೆ ಉದ್ದಕ್ಕೆ ಸುರುಳಿ ಸುತ್ತಿಕೊಂಡರೆ ಬಾಯಾರಿದೆ ಅಂತ ಅರ್ಥ.

ಅಂತರ: ನೇರಳೆ ಹುಲ್ಲಿಗೆ ಎರಡೂವರೆ ಅಡಿ, ಮಜ್ಜಿಗೆ ಹುಲ್ಲಿಗೆ 2 ಅಡಿ. ಲಾವಂಚವನ್ನು ಬೇಲಿಯ ಹಾಗೆ ಬೇಕೆಂದರೆ 6 ಇಂಚಿಗೊಂದು, ಬಿಡಿಬಿಡಿಯಾಗಿ ಬೇಕೆಂದರೆ 3 ಅಡಿ. ನೆಟ್ಟಾಗ ಬೋಳುಬೋಳು ಕಾಣುತ್ತೆ ಅಂತ ಒತ್ತೊತ್ತಾಗಿ ನೆಡಬೇಡಿ. ಕುಂಡದಲ್ಲಾದರೆ 14 ಇಂಚಿನದು ತಗೊಳ್ಳಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಗೊಬ್ಬರ. ಕುಂಡದ ಹುಲ್ಲಿಗೆ ಬೇಸಿಗೆಯಲ್ಲಿ ದಿನಾ ನೀರು ಬೇಕು, ಅದೊಂದು ಕಷ್ಟ.

ಲಾವಂಚದ ಬೇರಿನ ಮೇಲೆ ಆಸೆ ಇದ್ದರೆ ಒಂದೆರಡು ಸಸಿಯನ್ನು ಸಿಮೆಂಟ್ ಚೀಲದಲ್ಲಿ ಮರಳು ಮಣ್ಣು ತುಂಬಿ ನೆಡಿ. ತಳಕ್ಕೆ ತೂತು ಮಾಡಿ. ಒಂದೂವರೆ ವರ್ಷದ ಮೇಲೆ ಚೀಲ ಸೀಳಿದರೆ ಬೇರು ಹಾಗೇ ಸಿಗುತ್ತೆ, ಅಗೆಯುವ ಕೆಲಸ ಇಲ್ಲ. ನೆಲದಿಂದ ಲಾವಂಚದ ಬೇರು ಕೀಳೋಕೆ ಹೋಗಿ ನಮ್ಮ ಮನೆಯವರು ಎರಡು ದಿನ ಸೊಂಟ ಹಿಡಿದುಕೊಂಡು ಮಲಗಿದ್ದರು.

ಈಗ ಹಸುವಿನ ಕಥೆ. ನೆಟ್ಟ ಎರಡನೇ ವರ್ಷದ ಮಾರ್ಚ್. ಹುಲ್ಲು ಅರ್ಧ ಒಣಗಿತ್ತು. ಹಳೇ ತೆನೆಗಳು ಬೂದಿ ಬಣ್ಣಕ್ಕೆ ತಿರುಗಿ ಉದುರುತ್ತಿದ್ದವು. ನನಗೆ ಕತ್ತರಿಸೋಕೆ ಧೈರ್ಯ ಇರಲಿಲ್ಲ, ಕತ್ತರಿಸಿದರೆ ಸತ್ತೇ ಹೋದರೆ ಅಂತ ಭಯ. ಒಂದು ದಿನ ಗ್ಯಾಸ್ ಸಿಲಿಂಡರಿನವರು ಹೋದ ಮೇಲೆ ಗೇಟು ಹಾಕೋದು ಮರೆತೆ. ಒಳಗೆ ಸಾರಿಗೆ ಒಗ್ಗರಣೆ ಹಾಕಿ ಬರೋದರೊಳಗೆ ಹಿಂದಿನ ಬೀದಿಯ ಹಸು ಒಳಗೆ ಬಂದು ಮೇಯುತ್ತಾ ನಿಂತಿದೆ. ನಾಲ್ಕು ಬುಡ ಮುಗಿಸಿತ್ತು. ನಾಲ್ಕು ಬೆರಳಷ್ಟು ಮೋಟು ಬಿಟ್ಟು ಎಲ್ಲಾ ನುಣ್ಣಗೆ. ಲಾವಂಚ, ಮಜ್ಜಿಗೆ ಹುಲ್ಲಿನ ಕಡೆ ತಿರುಗಿಯೂ ನೋಡಿರಲಿಲ್ಲ. ನನಗೆ ಅಳು ಬರೋದೊಂದು ಬಾಕಿ.

ಬೇರಾದರೂ ಇರಲಿ ಅಂತ ನೀರು ಹಾಕುತ್ತಾ ಬಂದೆ. ಹತ್ತು ದಿನಕ್ಕೆ ಮೋಟಿನ ನಡುವೆ ಸೂಜಿಯ ಹಾಗೆ ಕೆಂಪು ಮೊನೆಗಳು. ಬಸವ ಜಯಂತಿ ಹೊತ್ತಿಗೆ ಮೊಣಕಾಲೆತ್ತರ. ಅಷ್ಟು ಹೊಳೆಯುವ ನೇರಳೆ ನಾನು ನರ್ಸರಿಯಲ್ಲೂ ನೋಡಿರಲಿಲ್ಲ. ಹಸು ಬಾಯಿ ಹಾಕದೆ ಬಿಟ್ಟ ಐದನೇ ಬುಡ ಪಕ್ಕದಲ್ಲೇ ಇತ್ತು. ಅದರಲ್ಲಿ ಒಣ ಎಲೆಯ ನಡುವೆ ಅಲ್ಲೊಂದು ಇಲ್ಲೊಂದು ಚಿಗುರು ಉಸಿರುಕಟ್ಟಿ ಮೇಲೆ ಬರುತ್ತಿತ್ತು.

ಕಾರಣ ಇಷ್ಟೇ. ದಾಸವಾಳ, ಗುಲಾಬಿ ಬೆಳೆಯೋದು ಕಡ್ಡಿಯ ತುದಿಯಿಂದ. ಹುಲ್ಲಿನ ಚಿಗುರು ಹುಟ್ಟುವ ಜಾಗ ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡ ಹಾಗೆ ಇರುತ್ತೆ. ಮೇಲಿಂದ ಹಸು ತಿಂದರೂ, ಕುಡುಗೋಲು ಬಿದ್ದರೂ ಅದಕ್ಕೆ ಪೆಟ್ಟಾಗೋದಿಲ್ಲ. ಬಿಸಿಲು ಬುಡಕ್ಕೆ ಬಿದ್ದ ತಕ್ಷಣ ಹೊಸ ತೆಂಡೆ, ಅಂದರೆ ಬುಡದಿಂದ ಹುಟ್ಟುವ ಮರಿ, ಒಡೆಯುತ್ತೆ.

ಹಾಗಾಗಿ ಈಗ ನಮ್ಮನೇಲಿ ವರ್ಷಕ್ಕೊಮ್ಮೆ ಕೊಯ್ಲು. ನೀರು ಹಾಕೋಕೆ ಆಗುತ್ತೆ ಅನ್ನೋರು ಶಿವರಾತ್ರಿ ಕಳೆದ ಮೇಲೆ ಕೊಯ್ಯಿರಿ. ಬೇಸಿಗೆಯಲ್ಲಿ ನೀರಿಗೆ ತಾಪತ್ರಯ ಇದ್ದರೆ ಏಪ್ರಿಲ್ ಕೊನೆಗೆ ಶುರುವಾಗುವ ಭರಣಿ ಮಳೆ ಒಂದು ಹದ ಬೀಳೋವರೆಗೆ ಕಾಯಿರಿ. ಕೊಯ್ದು ನೀರು ಕೊಡದೆ ಬಿಟ್ಟರೆ ಮಾತ್ರ ಅಪಾಯ. ಮಳೆಗಾಲದ ನಡುವೆ ಕೊಯ್ಯಬೇಡಿ, ಮೋಟಿನಲ್ಲಿ ನೀರು ನಿಂತು ಬುಡ ಕೊಳೆಯುತ್ತೆ.

ನಾನು ಗಿಡ ಕತ್ತರಿಸುವ ಕತ್ತರಿ ತಗೊಂಡು ಹತ್ತತ್ತು ಎಲೆ ಕತ್ತರಿಸುತ್ತಾ ಕೂತಿದ್ದೆ. ಅತ್ತೆ ನೋಡಿ ನೋಡಿ ತಡೆಯಲಾರದೆ "ಕುಡ್ಲು ಕೊಡು ಇಲ್ಲಿ" ಅಂದರು. ಮೊದಲು ಹಳೇ ಸೀರೆಯ ಅಂಚಿನಿಂದ ಬುಡವನ್ನು ನಡುಮಟ್ಟಕ್ಕೆ ಬಿಗಿಯಾಗಿ ಕಟ್ಟಿದರು. ಎಡಗೈಯಲ್ಲಿ ಕಟ್ಟಿನ ಮೇಲೆ ಹಿಡಿದು ಸ್ವಲ್ಪ ಆಚೆಗೆ ಬಾಗಿಸಿದರು. ಬಲಗೈಯಲ್ಲಿ ಹಲ್ಲಿನ ಕುಡುಗೋಲನ್ನು ಮಣ್ಣಿನಿಂದ ಅರ್ಧ ಗೇಣು ಮೇಲೆ ಇಟ್ಟು, ತಮ್ಮ ಕಡೆಗೆ ಓರೆಯಾಗಿ ಎಳೆದರು. ಕೊಯ್ಯೋದಲ್ಲ ಅದು, ಸೀಳಿ ಎಳೆಯೋದು. ಮೂರೇ ಎಳೆತ. ಒಂದು ಎಲೆಯೂ ಚೆಲ್ಲಾಪಿಲ್ಲಿ ಆಗದೆ ಇಡೀ ಬುಡ ರಾಗಿ ಸಿವುಡಿನ ಹಾಗೆ ಕೈಗೆ ಬಂತು. 68 ವರ್ಷದ ಕೈ ಅದು. ನನಗೆ ಈಗಲೂ ಐದಾರು ಎಳೆತ ಬೇಕು.

ನೇರಳೆ ಹುಲ್ಲು, ಮಜ್ಜಿಗೆ ಹುಲ್ಲಿಗೆ ಅರ್ಧ ಗೇಣು ಮೋಟು ಬಿಡಿ. ಲಾವಂಚಕ್ಕೆ ಒಂದಡಿ. ತುಂಬುತೋಳಿನ ಅಂಗಿ, ದಪ್ಪ ಗ್ಲೌಸ್ ಹಾಕಿಕೊಳ್ಳಿ. ಮಜ್ಜಿಗೆ ಹುಲ್ಲಿನ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತೆ, ಉರಿ ಎರಡು ದಿನ ಇರುತ್ತೆ. ಕೊಯ್ದ ಮೇಲೆ ಮೋಟಿನ ನಡುವೆ ಬೆರಳಾಡಿಸಿ ಸತ್ತ ಎಲೆಯೆಲ್ಲ ಕಿತ್ತು ತೆಗೆಯಿರಿ. ಗೆದ್ದಲು ಬರೋದು ಅಲ್ಲಿಂದಲೇ. ಗೊಬ್ಬರವನ್ನು ಮೋಟಿನ ಮೇಲೆ ಸುರಿಯದೆ ಸುತ್ತ ಹರಡಿ.

"ಹುಲ್ಲು ಬೆಳೆಸಿದರೆ ಹಾವು ಸೇರುತ್ತೆ" ಅಂತ ಪಕ್ಕದ ಮನೆಯವರು ಹೇಳೇ ಹೇಳ್ತಾರೆ. ತಳ್ಳಿಹಾಕಬೇಡಿ, ಆ ಭಯ ಸುಳ್ಳಲ್ಲ. ಒಣಗಿದ ಎಲೆ ನೆಲಕ್ಕೆ ಬಿದ್ದು ಗುಡ್ಡೆಯಾದರೆ ಇಲಿ ಬರುತ್ತೆ, ಇಲಿ ಹಿಂದೆ ಹಾವು. ಬಾಗಿಲ ಪಕ್ಕ, ಮಕ್ಕಳು ಆಡುವ ಜಾಗದಲ್ಲಿ ನೆಡಬೇಡಿ. ತಿಂಗಳಿಗೊಮ್ಮೆ ಬುಡದ ಒಣ ಎಲೆ ಎಳೆದು ತೆಗೆದರೆ ನೆಲ ಕಾಣುತ್ತಿರುತ್ತೆ. ನಮ್ಮಲ್ಲಿ ಇದುವರೆಗೆ ಬಂದಿರೋದು ರಾಟವಾಳ ಹಕ್ಕಿಗಳು. ಬಾಗಿದ ತೆನೆ ಮೇಲೆ ಕೂತು, ಅದು ಇನ್ನೂ ಬಾಗಿದಾಗ ತಲೆಕೆಳಗಾಗಿ ನೇತಾಡುತ್ತಾ ನಯವಾದ ಎಳೆಗಳನ್ನು ಕಿತ್ತು ಗೂಡಿಗೆ ಒಯ್ಯುತ್ತವೆ. ಪಾತ್ರೆ ತೊಳೆಯೋದು ಬಿಟ್ಟು ನಾನು ಇದನ್ನೇ ನೋಡ್ತಾ ನಿಂತಿರ್ತೀನಿ.

ಮೂರನೇ ವರ್ಷಕ್ಕೆ ಬುಡದ ನಡುಭಾಗ ಬೋಳಾಗಿ, ಸುತ್ತ ಮಾತ್ರ ಬಳೆಯ ಹಾಗೆ ಹಸಿರು ಉಳಿಯುತ್ತೆ. ಆಗ ಒಡೆದು ನೆಡಬೇಕು. ಇದೂ ಮೃಗಶಿರಾದಲ್ಲೇ. ಹಿಂದಿನ ದಿನ ಚೆನ್ನಾಗಿ ನೀರು ಕೊಟ್ಟು, ಸುತ್ತ ಗುದ್ದಲಿಯಲ್ಲಿ ಬಿಡಿಸಿ, ಹಾರೆ ಹಾಕಿ ಮೀಟಿ ಎಬ್ಬಿಸಿ. ಕೈಯಲ್ಲಿ ಬಿಡಿಸೋಕೆ ಹೋಗಬೇಡಿ, ಬರೋದಿಲ್ಲ. ಹಳೇ ಮರಗೆಲಸದ ಗರಗಸ ಇದ್ದರೆ ಅದರಲ್ಲಿ ಕುಯ್ಯಿರಿ. ಹೊರಗಿನ ಹಸಿರು ತುಂಡುಗಳು ಮಾತ್ರ ಬೇಕು, ನಡುವಿನ ಒಣ ಭಾಗ ಎಸೆಯಿರಿ. ಒಂದೊಂದು ತುಂಡಿನಲ್ಲಿ ನಾಲ್ಕೈದು ತೆಂಡೆ ಇರಲಿ. ಎಲೆಯನ್ನು ಒಂದು ಗೇಣಿಗೆ, ಬೇರನ್ನು ನಾಲ್ಕು ಬೆರಳಿಗೆ ಕತ್ತರಿಸಿ ಮೊದಲಿದ್ದಷ್ಟೇ ಆಳಕ್ಕೆ ನೆಡಿ, ಕಾಲಲ್ಲಿ ಮೆಟ್ಟಿ. ಬಿಸಿಲು ಜೋರಿದ್ದರೆ ಒಂದು ವಾರ ತೆಂಗಿನ ಗರಿ ಮರೆ ಮಾಡಿ. ಒಂದು ಬುಡದಿಂದ ಐದಾರು ಆಗುತ್ತೆ. ಯಾರಿಗಾದರೂ ಕೊಡೋದಾದರೆ ಒದ್ದೆ ಗೋಣಿಯಲ್ಲಿ ಸುತ್ತಿ ಕೊಡಿ, ಎರಡು ದಿನ ತಡೆಯುತ್ತೆ.

ಕೊಯ್ದ ಹುಲ್ಲನ್ನು ಮೊದಲು ಮೆಣಸಿನ ಗಿಡದ ಬುಡಕ್ಕೆ ಮುಚ್ಚುತ್ತಿದ್ದೆ, ತೇವ ಚೆನ್ನಾಗಿ ಉಳಿಯುತ್ತೆ. ಈಗ ಎಲ್ಲಾ ಸಿಗೋದಿಲ್ಲ. ಶಿವರಾತ್ರಿ ಕಳೆದ ವಾರಕ್ಕೆ ಹಿಂದಿನ ಬೀದಿಯ ಹಸುವಿನ ಯಜಮಾನರು ಗೇಟಿನ ಹತ್ತಿರ ಬಂದು "ಅಕ್ಕಾ, ಯಾವಾಗ ಕೊಯ್ತೀರ?" ಅಂತ ಕೇಳ್ತಾರೆ. ಒಣಗಿದ್ದನ್ನು ಹಸು ಮೂಸಿ ನೋಡಿ ಬಿಡುತ್ತಂತೆ, ಕೊಟ್ಟಿಗೆಗೆ ಹಾಸೋಕೆ ಒಯ್ತಾರೆ. ಬದಲಿಗೆ ಒಂದು ಮಂಕರಿ ಹಳೇ ಗೊಬ್ಬರ ತಂದು ಹಾಕ್ತಾರೆ. ಎರಡೆರಡು ಬೊಗಸೆಯ ಲೆಕ್ಕದಲ್ಲಿ ಇಡೀ ಪಟ್ಟಿಗೆ ಹಾಕಿ ಇನ್ನೂ ಅರ್ಧ ಉಳಿಯುತ್ತೆ.